ಹಾಲು ತರೋಕೂ ಹೋಗಬೇಕು ಸೂಪರ್ ಕಾರು!

ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಹತ್ತು ರೀಲ್ಸ್‌ಗಳಲ್ಲಿ ಎರಡು ಕಾರಿನದ್ದೇ ಇರುತ್ತವೆ. ಕೆಂಪು ಬಣ್ಣದ ಕೂಪೆ, ಎದೆ ನಡುಗಿಸುವ ಸೈಲೆನ್ಸರ್ ಸದ್ದು, ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಅಂಕಿ. ಇಷ್ಟು ಎಚ್‌ಪಿ, ಇಷ್ಟು ಟಾರ್ಕ್, ಸೊನ್ನೆಯಿಂದ ನೂರಕ್ಕೆ ಇಷ್ಟು ಸೆಕೆಂಡ್, ಟಾಪ್ ಸ್ಪೀಡ್ ಇಷ್ಟು. ಲೈಕ್ ಒತ್ತಿ ಮುಂದೆ ಹೋಗುತ್ತೇವೆ. ಮೆಕ್ಯಾನಿಕಲ್ ಓದುವ ನಮ್ಮಂಥವರಿಗಂತೂ ಆ ಅಂಕಿಗಳು ಥರ್ಮೊಡೈನಮಿಕ್ಸ್ ಸೂತ್ರಗಳಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಕಾರಿನ ಜೊತೆ ದಿನಾ ಬದುಕೋದು ಹೇಗೆ?

ದಿನಾ ಅಂದರೆ ದಿನಾ. ಭಾನುವಾರ ಬೆಳಗಿನ ಜಾವ ಖಾಲಿ ಹೆದ್ದಾರಿಯಲ್ಲಿ ಹೊಡೆಯುವ ಒಂದು ರೌಂಡ್ ಲೆಕ್ಕಕ್ಕಿಲ್ಲ. ಸೋಮವಾರ ಎಂಟೂವರೆಗೆ ಟ್ರಾಫಿಕ್‌ನಲ್ಲಿ ನಿಂತು, ಮಳೆಯಲ್ಲಿ ನೀರು ತುಂಬಿದ ಅಂಡರ್‌ಪಾಸ್ ದಾಟಿ, ಮಂಡಿನೋವಿನ ಅಜ್ಜಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ, ರಾತ್ರಿ ಹಾಲಿನ ಪ್ಯಾಕೆಟ್ ತಂದು, ಕಿರಿದಾದ ಗೇಟಿನೊಳಗೆ ರಿವರ್ಸ್ ಹಾಕಿ ನಿಲ್ಲಿಸುವುದು. ಹೈ ಪರ್ಫಾರ್ಮೆನ್ಸ್ ಕಾರಿನ ಅತಿ ಕಠಿಣ ಪರೀಕ್ಷೆ ಇದೇ ಎನ್ನುವುದು ನನ್ನ ವಾದ. ಇದರಲ್ಲಿ ಪಾಸಾಗದ ಕಾರಿನ ಪರ್ಫಾರ್ಮೆನ್ಸ್ ಅರ್ಧ ಮಾತ್ರ.

ಹಾಸ್ಟೆಲ್‌ನಲ್ಲಿ ಈ ಮಾತು ಎತ್ತಿದಾಗ ರೂಮ್‌ಮೇಟ್ ಬಿದ್ದು ಬಿದ್ದು ನಕ್ಕ. ‘ಮಗಾ, ಸೂಪರ್ ಕಾರ್ ತಗೊಂಡು ಹಾಲು ತರೋಕೆ ಹೋಗ್ತೀಯಾ?’ ಎಂದ. ‘ಹೌದಲೇ, ಹೋಗಾಕ ಬರಬೇಕು’ ಎಂದೆ. ಅವನು ಈಗಲೂ ಒಪ್ಪಿಲ್ಲ. ಹಾಗಾಗಿ ನನ್ನ ವಾದವನ್ನು ಇಲ್ಲಿ ಪೂರ್ತಿಯಾಗಿ ಇಡುತ್ತಿದ್ದೇನೆ.

ಗೋಡೆಗೆ ಚೆಂದ, ಗೇಟಿಗೆ ಕಷ್ಟ

ಕೂಪೆ ಎಂದರೆ ಎರಡು ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಚಾವಣಿಯ, ನೆಲಕ್ಕೆ ಅಂಟಿಕೊಂಡಂತೆ ಕೂತ ಕಾರು. ಅದಕ್ಕೆ ದೊಡ್ಡ ಎಂಜಿನ್ ಸೇರಿದರೆ ಪೋಸ್ಟರ್‌ಗೆ ಹೇಳಿ ಮಾಡಿಸಿದ ವಸ್ತು. ಆ ಪೋಸ್ಟರ್‌ಗಳ ರಾಜ ಲ್ಯಾಂಬೋರ್ಗಿನಿಯ ಕೌಂಟಾಶ್. 1974ರಿಂದ 1990ರವರೆಗೆ ತಯಾರಾದ ಈ ಕಾರು, ಸೂಪರ್ ಕಾರು ಎಂದರೆ ಹೇಗಿರಬೇಕು ಎಂಬ ಚಿತ್ರವನ್ನೇ ಜಗತ್ತಿನ ತಲೆಯಲ್ಲಿ ಅಚ್ಚೊತ್ತಿತು. ಆದರೆ ಅದರಲ್ಲಿ ಕೂತವರಿಗೆ ಹಿಂದೆ ಏನಿದೆ ಎಂದು ಕಾಣುತ್ತಲೇ ಇರಲಿಲ್ಲ. ರಿವರ್ಸ್ ಹಾಕಬೇಕಾದರೆ ಬಾಗಿಲನ್ನು ಮೇಲಕ್ಕೆತ್ತಿ, ಬಾಗಿಲ ಹೊಸ್ತಿಲ ಮೇಲೆ ಕೂತು, ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಾ ಓಡಿಸುವುದು ಅದರ ಪ್ರಸಿದ್ಧ ವಿಧಾನ. ನಮ್ಮೂರ ಲಾರಿಗಾದರೆ ‘ಬರ್‍ಲಿ ಬರ್‍ಲಿ’ ಎನ್ನಲು ಕ್ಲೀನರ್ ಇರುತ್ತಾನೆ. ಕೌಂಟಾಶ್‌ಗೆ ಅವನೂ ಇಲ್ಲ.

ಇನ್ನೊಂದು ಉದಾಹರಣೆ ಫೆರಾರಿ 348. 1989ರಲ್ಲಿ ಬಂದ ಈ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟ್ ಎಂದರೆ ಕಾಲಕಾಲಕ್ಕೆ ಬದಲಿಸಲೇಬೇಕಾದ ಸಾಮಾನ್ಯ ಭಾಗ. ಹಲ್ಲು ಸ್ವಚ್ಛ ಮಾಡಿಸಲು ಹೋದವರಿಗೆ ದವಡೆ ಬಿಚ್ಚಿದ ಹಾಗೆ ಇದು.

ಆಗ ಎಲ್ಲರೂ ಇದನ್ನು ಸಹಜ ಎಂದೇ ಒಪ್ಪಿಕೊಂಡಿದ್ದರು. ವೇಗ ಬೇಕೆಂದರೆ ಸೆಖೆ, ಬೆನ್ನುನೋವು, ಗಟ್ಟಿ ಕ್ಲಚ್, ಗ್ಯಾರೇಜಿನ ಅಲೆದಾಟ ಎಲ್ಲವನ್ನೂ ಸಹಿಸಬೇಕು ಎಂಬ ನಂಬಿಕೆ. ಈ ನಂಬಿಕೆಯನ್ನು ಪ್ರಶ್ನಿಸಿದ್ದು ಇಟಲಿಯಿಂದ ಬಹುದೂರದ, ಸಾಮಾನ್ಯ ಜನರಿಗೆ ಬೈಕು, ಸಣ್ಣ ಕಾರು ಮಾಡಿಕೊಡುತ್ತಿದ್ದ ಒಂದು ಕಂಪನಿ.

ಹೋಂಡಾ ಕೇಳಿದ ಪ್ರಶ್ನೆ

1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಹೋಂಡಾ ಒಂದು ಕೂಪೆಯನ್ನು ತೋರಿಸಿತು. ಮರುವರ್ಷ ಅದು ಎನ್‌ಎಸ್‌ಎಕ್ಸ್ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಸೀಟುಗಳ ಬೆನ್ನಿಗೇ ಅಡ್ಡಲಾಗಿ ಕೂರಿಸಿದ 3 ಲೀಟರ್ ವಿ6 ಎಂಜಿನ್, ಸುಮಾರು 270 ಎಚ್‌ಪಿ, 8,000 ಆರ್‌ಪಿಎಂವರೆಗೆ ಏರುವ ತಾಕತ್ತು. ಇಂದಿನ ರೀಲ್ಸ್ ಲೆಕ್ಕದಲ್ಲಿ 270 ಎಚ್‌ಪಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಶಿಗೆರು ಉಹೆರಾ ನೇತೃತ್ವದ ಎಂಜಿನಿಯರ್‌ಗಳ ತಂಡ ತಲೆ ಕೆಡಿಸಿಕೊಂಡಿದ್ದು ಈ ಅಂಕಿಯ ಬಗ್ಗೆ ಮಾತ್ರ ಅಲ್ಲ. ಫೆರಾರಿಯಷ್ಟು ವೇಗವಾಗಿ ಓಡುವ ಕಾರನ್ನು ದಿನಬಳಕೆಯ ಹೋಂಡಾದಷ್ಟು ಸಲೀಸಾಗಿ ಓಡಿಸುವಂತೆ ಮಾಡಲು ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಉತ್ತರ ಹುಡುಕಲು ಅವರು ನೋಡಿದ್ದು ಎಫ್-16 ಯುದ್ಧ ವಿಮಾನದ ಕಾಕ್‌ಪಿಟ್ಟನ್ನು. ಪೈಲಟ್‌ಗೆ ಸುತ್ತಲೂ ಕಾಣಬೇಕು, ಕಾಣದಿದ್ದರೆ ವೇಗವಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಎನ್‌ಎಸ್‌ಎಕ್ಸ್‌ನ ಚಾಲಕನ ಸೀಟನ್ನು ಮುಂದಕ್ಕೆ ತಂದು, ಕಂಬಗಳನ್ನು ತೆಳ್ಳಗೆ ಮಾಡಿ, ಸುತ್ತಲೂ ಗಾಜು ಕೊಟ್ಟರು. ಚಾಲಕನಿಗೆ 300 ಡಿಗ್ರಿಗೂ ಹೆಚ್ಚು ಸುತ್ತಳತೆಯಲ್ಲಿ ನೋಟ ಸಿಕ್ಕಿತು. ಕೌಂಟಾಶ್‌ನ ಹೊಸ್ತಿಲ ಮೇಲೆ ಕೂತು ಕತ್ತು ನೋಯಿಸಿಕೊಂಡವರಿಗೆ ಈ ಸುಖದ ಬೆಲೆ ಗೊತ್ತು.

ಎಂಜಿನ್‌ನ ಹಿಂದೆ ಗಾಲ್ಫ್ ಬ್ಯಾಗ್ ಹಿಡಿಸುವಷ್ಟು ಡಿಕ್ಕಿ, ತಾನೇ ತಾಪಮಾನ ಹೊಂದಿಸಿಕೊಳ್ಳುವ ಎಸಿ, ಹಗುರವಾದ ಕ್ಲಚ್. ಇವೆಲ್ಲ ಸೇರಿದರೆ ಕಾರಿನ ತೂಕ ಏರುತ್ತದೆ. ತೂಕ ಏರಿದರೆ ವೇಗ ಇಳಿಯುತ್ತದೆ. ಹೋಂಡಾ ಇದಕ್ಕೆ ಎಸಿ ಕಿತ್ತುಹಾಕಲಿಲ್ಲ, ಬಾಡಿಯ ಲೋಹವನ್ನೇ ಬದಲಿಸಿತು. ಪೂರ್ತಿ ಅಲ್ಯೂಮಿನಿಯಂ ಮೊನೊಕಾಕ್ ಇದ್ದ, ಸರಣಿಯಾಗಿ ತಯಾರಾದ ಮೊದಲ ಕಾರು ಇದು. ಬರೀ ಬಾಡಿಯ ತೂಕ ಸುಮಾರು 210 ಕೆ.ಜಿ. ಉಕ್ಕಿನಲ್ಲಿ ಮಾಡಿದ್ದರೆ ಆಗುತ್ತಿದ್ದುದಕ್ಕಿಂತ ಸುಮಾರು 140 ಕೆ.ಜಿ. ಕಡಿಮೆ. ಅಂದರೆ ಇಬ್ಬರು ಹುಡುಗರು ಕಾರಿನಿಂದ ಇಳಿದು ಹೋದಷ್ಟು ಭಾರ ಉಳಿಯಿತು. ಆರಾಮಕ್ಕೆ ಬೇಕಾದದ್ದನ್ನೆಲ್ಲ ಸೇರಿಸಿದ ಮೇಲೂ ಮ್ಯಾನುವಲ್ ಗೇರ್‌ನ ಕಾರು ಸುಮಾರು 1,350 ಕೆ.ಜಿ.ಗೆ ನಿಂತಿತು.

ಅಭಿವೃದ್ಧಿಯ ಹಂತದಲ್ಲಿ ಆಗ ಮೆಕ್‌ಲಾರೆನ್–ಹೋಂಡಾ ತಂಡದಲ್ಲಿದ್ದ ಎಫ್1 ಚಾಂಪಿಯನ್ ಐರ್ಟನ್ ಸೆನ್ನಾ ಜಪಾನಿನ ಸುಜುಕಾ ಟ್ರ್ಯಾಕ್‌ನಲ್ಲಿ ಇದನ್ನು ಓಡಿಸಿ ನೋಡಿದರು. ಬಾಡಿ ಇನ್ನಷ್ಟು ಗಟ್ಟಿಯಾಗಬೇಕು ಎಂಬ ಅಭಿಪ್ರಾಯ ಕೊಟ್ಟರು. ತಂಡ ಜರ್ಮನಿಯ ನುರ್ಬರ್ಗ್‌ರಿಂಗ್‌ಗೆ ಹೋಗಿ ತಿಂಗಳುಗಟ್ಟಲೆ ಕೂತು ಬಾಡಿಯ ಬಿಗಿತವನ್ನು ಶೇ 50ರಷ್ಟು ಹೆಚ್ಚಿಸಿತು. ಸೆನ್ನಾ ಲೋಫರ್ ಶೂ, ಬಿಳಿ ಸಾಕ್ಸ್ ಹಾಕಿಕೊಂಡು ಸುಜುಕಾದಲ್ಲಿ ಎನ್‌ಎಸ್‌ಎಕ್ಸ್ ಓಡಿಸುವ ವಿಡಿಯೊ ಯೂಟ್ಯೂಬ್‌ನಲ್ಲಿ ಎಷ್ಟು ಪ್ರಸಿದ್ಧ ಎಂದು ಕಾರಿನ ಹುಚ್ಚಿರುವವರಿಗೆ ಹೇಳಬೇಕಿಲ್ಲ. ಎಲ್ಲರೂ ಅಲ್ಲಿ ಅವರ ಪಾದಗಳ ಚಾಕಚಕ್ಯತೆ ನೋಡುತ್ತಾರೆ. ನಾನು ಶೂ ನೋಡುತ್ತೇನೆ. ಆಫೀಸಿಗೆ ಹಾಕಿಕೊಂಡು ಹೋಗುವ ಶೂನಲ್ಲೇ ಆ ಕಾರನ್ನು ಅದರ ಮಿತಿಯವರೆಗೆ ಓಡಿಸಬಹುದಿತ್ತು.

ಒಂದೇ ಎಂಜಿನ್, ಎರಡು ಗುಣ

ಟ್ರಾಫಿಕ್‌ನಲ್ಲಿ ಸಾಧುವಾಗಿರುವ ಎಂಜಿನ್ 8,000 ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. ಅಲ್ಲಿ ಅಬ್ಬರಿಸುವ ಎಂಜಿನ್ ಟ್ರಾಫಿಕ್‌ನಲ್ಲಿ ತಡವರಿಸುತ್ತದೆ. ಕಾರಣ ಸರಳ. ಗಾಳಿ ಒಳಬಿಡುವ ವಾಲ್ವ್ ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಕ್ಯಾಮ್‌ಶಾಫ್ಟ್‌ನ ಉಬ್ಬು ನಿರ್ಧರಿಸುತ್ತದೆ. ನಿಧಾನಕ್ಕೆ ಒಂದು ಆಕಾರ ಬೇಕು, ವೇಗಕ್ಕೆ ಇನ್ನೊಂದು. ಸಾಮಾನ್ಯ ಎಂಜಿನ್ ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗುತ್ತದೆ.

ಹೋಂಡಾದ ವಿಟೆಕ್ ಈ ರಾಜಿಯನ್ನು ಬೇಡ ಎಂದಿತು. ಪ್ರತಿ ಜೋಡಿ ವಾಲ್ವ್‌ಗೆ ಎರಡರ ಬದಲು ಮೂರು ಉಬ್ಬು, ಮೂರು ರಾಕರ್ ಆರ್ಮ್. ಕಡಿಮೆ ವೇಗದಲ್ಲಿ ಅಕ್ಕಪಕ್ಕದ ಸಣ್ಣ ಉಬ್ಬುಗಳು ವಾಲ್ವ್ ನಡೆಸುತ್ತವೆ. ನಡುವಿನ ದೊಡ್ಡ ಉಬ್ಬು ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ಎನ್‌ಎಸ್‌ಎಕ್ಸ್‌ನಲ್ಲಿ 5,800 ಆರ್‌ಪಿಎಂ ಆಸುಪಾಸಿಗೆ ಬಂದಾಗ ಆಯಿಲ್ ಒತ್ತಡಕ್ಕೆ ಒಂದು ಪಿನ್ ಸರಿದು ಮೂರೂ ರಾಕರ್‌ಗಳನ್ನು ಬೆಸೆಯುತ್ತದೆ. ಅಲ್ಲಿಂದ ಮುಂದೆ ದೊಡ್ಡ ಉಬ್ಬಿನದೇ ಯಜಮಾನಿಕೆ. ಆ ವೇಗ ತಡೆಯಲು ಕನೆಕ್ಟಿಂಗ್ ರಾಡ್‌ಗಳನ್ನು ಹಗುರವಾದ, ಗಟ್ಟಿಯಾದ ಟೈಟಾನಿಯಂನಲ್ಲಿ ಮಾಡಿದ್ದರು.

ಎನ್‌ಎಸ್‌ಎಕ್ಸ್ ನಮ್ಮ ದೇಶದ ಶೋರೂಮ್‌ಗಳಿಗೆ ಬರಲಿಲ್ಲ. ಆದರೆ ವಿಟೆಕ್ ಬಂತು. 2000ದ ಸುಮಾರಿಗೆ ಬಂದ ಹೋಂಡಾ ಸಿಟಿ 1.5 ವಿಟೆಕ್‌ಗೆ 106 ಎಚ್‌ಪಿ ಇತ್ತು. ಇಂದಿಗೂ ಹಳೆಯ ಆ ಸಿಟಿ ಕಂಡರೆ ಗ್ಯಾರೇಜಿನ ಹಿರಿಯರ ಕಣ್ಣರಳುತ್ತದೆ. ಮನೆಮಂದಿಯನ್ನು ಮದುವೆಗೆ ಕರೆದೊಯ್ಯುವ ಸೆಡಾನ್, ಮಗನ ಕೈಗೆ ಸಿಕ್ಕಾಗ ಬೇರೆಯದೇ ಕಾರು. ಒಂದೇ ಯಂತ್ರ ಎರಡೂ ಕೆಲಸಕ್ಕೆ ಒದಗಿದರೆ ಜನ ಅದನ್ನು ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ.

ಹತ್ತು ಎಚ್‌ಪಿಯ ಲೆಕ್ಕ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಎನ್‌ಎಸ್‌ಎಕ್ಸ್‌ನಂಥ ಕಾರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗುತ್ತಿದೆ ಎಂದುಕೊಳ್ಳಿ. ಎದುರಾಗುವುದು ಎರಡೇ ಶತ್ರುಗಳು. ಒಂದು ಗಾಳಿಯ ತಡೆ, ಇನ್ನೊಂದು ಟೈರ್ ಉರುಳುವಾಗಿನ ತಡೆ. ಡ್ರ್ಯಾಗ್ ಕೋಎಫಿಶಿಯೆಂಟ್ 0.32, ಎದುರು ಭಾಗದ ವಿಸ್ತೀರ್ಣ ಸುಮಾರು 1.8 ಚದರ ಮೀಟರ್ ಎಂದು ಹಿಡಿದರೆ ಗಾಳಿಗೆ ಸುಮಾರು 3.8 ಕಿಲೊವಾಟ್ ಬೇಕು. ಟೈರ್‌ಗಳಿಗೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು ಏಳೂವರೆ ಕಿಲೊವಾಟ್. ಅಂದರೆ ಚಕ್ರಗಳಿಗೆ ಬೇಕಾದದ್ದು ಹತ್ತು ಎಚ್‌ಪಿ!

ಪೇಪರ್ ಪೆನ್ನು ಹಿಡಿದು ನೀವೂ ಮಾಡಿ ನೋಡಿ, ಮೂರನೇ ಸೆಮಿಸ್ಟರ್ ಓದಿದ ಯಾರಿಗಾದರೂ ಐದು ನಿಮಿಷದ ಕೆಲಸ. 270 ಎಚ್‌ಪಿ ಕಾರಿರಲಿ, 570 ಎಚ್‌ಪಿ ಕಾರಿರಲಿ, ದಿನದ ಬಹುಪಾಲು ಹೊತ್ತು ಅದು ಹತ್ತಿಪ್ಪತ್ತು ಎಚ್‌ಪಿಯಲ್ಲೇ ಓಡುತ್ತಿರುತ್ತದೆ. ಟ್ರಾಫಿಕ್‌ನಲ್ಲಿ ಅದೂ ಇಲ್ಲ. ಪೀಕ್ ಪವರ್ ಎಂಬುದು ಗ್ರಾಫಿನ ತುತ್ತತುದಿಯ ಒಂದು ಚುಕ್ಕೆ. ಕಾರು ಬದುಕುವುದು ಆ ಚುಕ್ಕೆಯಲ್ಲಲ್ಲ, ಅದರ ಕೆಳಗಿನ ಇಡೀ ಗೆರೆಯ ಉದ್ದಕ್ಕೂ. ಕಡಿಮೆ ಆರ್‌ಪಿಎಂನಲ್ಲಿ ಜರ್ಕ್ ಹೊಡೆಯುತ್ತದೆಯೇ, ನಿಂತಲ್ಲೇ ನಿಂತರೆ ಬಿಸಿಯಾಗುತ್ತದೆಯೇ, ಕ್ಲಚ್ ಒತ್ತಿ ಒತ್ತಿ ಎಡಗಾಲು ನೋಯುತ್ತದೆಯೇ? ಈ ಪ್ರಶ್ನೆಗಳಿಗೆ ಸ್ಪೆಕ್ ಶೀಟ್‌ನಲ್ಲಿ ಕಾಲಮ್ ಇಲ್ಲ. ಎಂಜಿನಿಯರ್‌ನ ಬೆವರು ಹೆಚ್ಚು ಹರಿಯುವುದು ಮಾತ್ರ ಇಲ್ಲಿಯೇ.

ಇದನ್ನು ಅರ್ಥ ಮಾಡಿಕೊಂಡ ದೊಡ್ಡ ಎಂಜಿನಿಯರ್ ಗೋರ್ಡನ್ ಮರ್ರೆ. ಎಫ್1 ಕಾರುಗಳನ್ನು ರೂಪಿಸಿದ್ದ ಅವರು ಜಗತ್ತಿನ ಅತಿ ವೇಗದ ರಸ್ತೆ ಕಾರು ಮಾಡಲು ಹೊರಟಾಗ ಮೊದಲು ಫೆರಾರಿ, ಪೋರ್ಷೆ, ಲ್ಯಾಂಬೋರ್ಗಿನಿಗಳನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಎನ್‌ಎಸ್‌ಎಕ್ಸ್ ಓಡಿಸಿದ ಮೇಲೆ ಅವೆಲ್ಲವನ್ನೂ ಪಕ್ಕಕ್ಕಿಟ್ಟರು. ತಾವೇ ಒಂದು ಎನ್‌ಎಸ್‌ಎಕ್ಸ್ ಕೊಂಡು ಏಳು ವರ್ಷ, ಸುಮಾರು 75 ಸಾವಿರ ಕಿ.ಮೀ. ಓಡಿಸಿದರು. 1992ರಲ್ಲಿ ಅವರು ಜಗತ್ತಿನ ಮುಂದಿಟ್ಟ ಮೆಕ್‌ಲಾರೆನ್ ಎಫ್1ಗೆ 627 ಎಚ್‌ಪಿಯ ವಿ12 ಎಂಜಿನ್ ಇತ್ತು. 1998ರಲ್ಲಿ ಅದು ಗಂಟೆಗೆ 386 ಕಿ.ಮೀ. ವೇಗ ಮುಟ್ಟಿತು. ಆ ಕಾರಿನಲ್ಲೂ ಎಸಿ ಇತ್ತು, ಮೂವರಿಗೆ ಸೀಟಿತ್ತು, ಲಗೇಜಿಗೆ ಜಾಗವಿತ್ತು. ವೇಗದ ದಾಖಲೆ ಬರೆದವರಿಗೆ ಬಟ್ಟೆಬರೆಯ ಬ್ಯಾಗ್ ಎಲ್ಲಿಡಬೇಕು ಎಂಬ ಚಿಂತೆಯೂ ಇತ್ತು.

ತಪ್ಪು ಕಾರಿನದೋ, ಹಂಪ್‌ನದೋ?

‘ಇದೆಲ್ಲ ಜಪಾನಿಗೆ, ಇಂಗ್ಲೆಂಡಿಗೆ ಸರಿ. ನಮ್ಮ ರಸ್ತೆಯಲ್ಲಿ ಕೂಪೆ ಒಂದು ದಿನವೂ ಓಡುವುದಿಲ್ಲ’ ಎಂದು ನೀವು ಹೇಳಬಹುದು. ಇದನ್ನೂ ಲೆಕ್ಕ ಹಾಕಿಯೇ ನೋಡೋಣ.

ನಮ್ಮಲ್ಲಿ ರಸ್ತೆಯ ಹಂಪ್ ಹೇಗಿರಬೇಕು ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಇದೆ. ವಾಹನಗಳು 25 ಕಿ.ಮೀ. ವೇಗದಲ್ಲಿ ದಾಟುವಂತೆ, ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, 17 ಮೀಟರ್ ತ್ರಿಜ್ಯದ ದುಂಡನೆಯ ಉಬ್ಬು. ಎನ್‌ಎಸ್‌ಎಕ್ಸ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.53 ಮೀಟರ್. ಹಂಪ್ ಅದಕ್ಕಿಂತ ಅಗಲವಾಗಿರುವುದರಿಂದ ಕಾರು ದಾಟುವಾಗ ನಾಲ್ಕೂ ಚಕ್ರ ಉಬ್ಬಿನ ಮೇಲೆಯೇ ಇರುವ ಕ್ಷಣ ಬರುತ್ತದೆ. ಆಗ ಕಾರಿನ ಹೊಟ್ಟೆಯ ಕಡೆಗೆ ಉಬ್ಬು ಎಷ್ಟು ಏರುತ್ತದೆ? ವೀಲ್‌ಬೇಸ್‌ನ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಸಾಕು. ಉತ್ತರ 4.7 ಸೆಂ.ಮೀ. ಇಂಥ ಕೂಪೆಗಳ ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ 11ರಿಂದ 13 ಸೆಂ.ಮೀ. ಇರುತ್ತದೆ. ಅಂದರೆ ನಿಯಮದ ಪ್ರಕಾರ ಕಟ್ಟಿದ ಹಂಪ್ಪನ್ನು ಸೂಪರ್ ಕಾರು ಕೂಡ ಹೊಟ್ಟೆ ತಗುಲಿಸಿಕೊಳ್ಳದೆ ದಾಟಬಲ್ಲದು!

ಹಾಗಾದರೆ ತಗುಲುವುದು ಎಲ್ಲಿ? ರಾತ್ರೋರಾತ್ರಿ ಮನೆಮುಂದೆ ಎದ್ದು ನಿಲ್ಲುವ, ಅರ್ಧ ಮೀಟರ್ ಅಗಲದ, 15 ಸೆಂ.ಮೀ. ಎತ್ತರದ ದಿಬ್ಬಗಳಲ್ಲಿ. ಅಷ್ಟು ಕಿರಿದಾದ ದಿಬ್ಬ ಪೂರ್ತಿಯಾಗಿ ಎರಡು ಚಕ್ರಗಳ ನಡುವೆ ಬಂದುಬಿಡುತ್ತದೆ. ಹಾಗಾಗಿ 15 ಸೆಂ.ಮೀ. ಎತ್ತರವೂ ನೇರವಾಗಿ ಹೊಟ್ಟೆಗೇ. ಕೂಪೆಯ ಮಾತು ಬಿಡಿ. 16–17 ಸೆಂ.ಮೀ. ಕ್ಲಿಯರೆನ್ಸ್ ಇರುವ ನಮ್ಮ ಹ್ಯಾಚ್‌ಬ್ಯಾಕ್‌ನಲ್ಲಿ ಐದು ಜನ ಕೂತರೆ ಅದೂ ಉಜ್ಜುತ್ತದೆ. ಬಣ್ಣ ಬಳಿಯದ, ಬೋರ್ಡ್ ಇಲ್ಲದ ಅದೇ ದಿಬ್ಬದ ಮೇಲೆ ಸ್ಕೂಟರ್‌ನ ಹಿಂದೆ ಕೂತ ಅಮ್ಮಂದಿರು ಹಾರಿ ಬೀಳುತ್ತಾರೆ. ಅದೇ ದಿಬ್ಬ ಆಂಬುಲೆನ್ಸ್‌ನಲ್ಲಿ ಮಲಗಿದವರ ಬೆನ್ನಿಗೆ ಗುದ್ದುತ್ತದೆ.

ಶ್ರೀಮಂತರ ಕಾರಿನ ತಳ ಉಜ್ಜಿದ್ದಕ್ಕೆ ನಾನು ಅಳುತ್ತಿಲ್ಲ. ಕಾರು ಕೆಳಗಿದೆ ಎಂದು ನಗುವ ಮೊದಲು ರಸ್ತೆಯನ್ನೂ ಅಳೆಯೋಣ ಎನ್ನುತ್ತಿದ್ದೇನೆ. ಸಿವಿಲ್ ಓದುವ ಗೆಳೆಯರೇ, ಒಂದು ಟೇಪ್ ಹಿಡಿದು ನಿಮ್ಮ ಕಾಲೇಜಿನ ಸುತ್ತಲಿನ ಹಂಪ್‌ಗಳ ಅಗಲ, ಎತ್ತರ ಅಳೆದು ಪಟ್ಟಿ ಮಾಡಿ. ಇದಕ್ಕಿಂತ ಒಳ್ಳೆಯ ಮಿನಿ ಪ್ರಾಜೆಕ್ಟ್ ಎಲ್ಲಿದೆ?

ಆತ್ಮ ಇಲ್ಲದ ಕಾರು?

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಬೇರೆಯೇ ಇದೆ. ಕಷ್ಟ ಕೊಡುವುದರಲ್ಲೇ ಸೂಪರ್ ಕಾರಿನ ಮಜಾ ಇದೆ, ಎಲ್ಲ ಸಲೀಸಾದರೆ ಅದು ಇನ್ನೊಂದು ಸೆಡಾನ್ ಅಷ್ಟೇ ಎನ್ನುವವರಿದ್ದಾರೆ. ಎನ್‌ಎಸ್‌ಎಕ್ಸ್ ಬಗ್ಗೆಯೂ ಆಗ ಇದೇ ದೂರಿತ್ತು. ಅಚ್ಚುಕಟ್ಟಾಗಿದೆ, ಆದರೆ ಆತ್ಮ ಇಲ್ಲ ಎಂದರು. ಮಾರುಕಟ್ಟೆಯೂ ಅದನ್ನು ತಲೆ ಮೇಲೆ ಹೊತ್ತು ಕುಣಿಯಲಿಲ್ಲ. 2005ರಲ್ಲಿ ತಯಾರಿಕೆ ನಿಲ್ಲುವವರೆಗೆ ಹದಿನೈದು ವರ್ಷಗಳಲ್ಲಿ ತಯಾರಾದದ್ದು ಸುಮಾರು 18 ಸಾವಿರ ಕಾರು. ದೋಷಗಳೂ ಇದ್ದವು. ಮೊದಲ ವರ್ಷಗಳ ಕಾರುಗಳಲ್ಲಿ ಹಿಂದಿನ ಟೈರ್‌ಗಳು ಬಲು ಬೇಗ ಸವೆಯುತ್ತಿದ್ದವು. ಡಿಕ್ಕಿ ಎಂಜಿನ್‌ಗೆ ಅಂಟಿಕೊಂಡಿದ್ದರಿಂದ ಬಿಸಿಯಾಗುತ್ತಿತ್ತು. ಹಾಲು ತರಲು ಹೋದರೆ ಪ್ಯಾಕೆಟ್ಟನ್ನು ಪಕ್ಕದ ಸೀಟಿನಲ್ಲೇ ಇಟ್ಟುಕೊಳ್ಳಬೇಕು!

ಆದರೂ ಆ ಕಾರು ಕೇಳಿದ ಪ್ರಶ್ನೆ ಸಾಯಲಿಲ್ಲ. 2007ರಲ್ಲಿ ನಿಸ್ಸಾನ್ ಜಿಟಿ-ಆರ್ ತಂದಾಗ ಅದರ ಮುಖ್ಯ ಎಂಜಿನಿಯರ್ ಕಜುತೊಶಿ ಮಿಜುನೊ ಇಟ್ಟುಕೊಂಡ ಗುರಿಯೇ ಯಾರಾದರೂ, ಎಲ್ಲಾದರೂ, ಯಾವಾಗಲಾದರೂ ಓಡಿಸಬಹುದಾದ ಸೂಪರ್ ಕಾರು. ನಾಲ್ಕು ಸೀಟು, ದೊಡ್ಡ ಡಿಕ್ಕಿ, ಕ್ಲಚ್ ಪೆಡಲ್ ಇಲ್ಲದ ಗೇರ್‌ಬಾಕ್ಸ್. 2016ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದಾಗ 570 ಎಚ್‌ಪಿ, ಬೆಲೆ 1.99 ಕೋಟಿ ರೂಪಾಯಿ. 2025ರವರೆಗೂ ಅದು ತಯಾರಾಯಿತು. ಪೋರ್ಷೆ 911 ಅಂತೂ 1960ರ ದಶಕದಿಂದಲೂ ಇದೇ ದಾರಿಯಲ್ಲಿದೆ. ಹಿಂದೆ ಎರಡು ಪುಟ್ಟ ಸೀಟು, ಸುತ್ತಲೂ ಚೆನ್ನಾಗಿ ಕಾಣುವ ಗಾಜು. ಆರು ದಶಕ ಉಳಿದಿರುವುದಕ್ಕೆ ದಿನಾ ಓಡಿಸಬಹುದು ಎಂಬುದೂ ಒಂದು ಮುಖ್ಯ ಕಾರಣ. ಪೋಸ್ಟರ್‌ನಲ್ಲಿರುವ ಆತ್ಮ ಎಷ್ಟೇ ದೊಡ್ಡದಿರಲಿ, ಶೆಡ್‌ನಲ್ಲಿ ಕವರ್ ಹೊದ್ದು ಮಲಗಿದ್ದರೆ ಅದನ್ನು ಕಂಡವರು ಯಾರು?

ಮುಂಜಾನೆ ನಾಕಕ್ಕ ಸ್ಟಾರ್ಟ್ ಆಗತೈತಾ?

ಎರಡು ಕೋಟಿಯ ಕಾರಿನ ಬಗ್ಗೆ ಇಷ್ಟು ಮಾತಾಡುವ ನನ್ನ ಮನೆಯಲ್ಲಿ ಕಾರಿಲ್ಲ. ರಾಣೆಬೆನ್ನೂರಿನಲ್ಲಿ ಅಪ್ಪ ಮಾರುಕಟ್ಟೆಗೆ ತರಕಾರಿ ಸಾಗಿಸುವ ಗೂಡ್ಸ್ ಗಾಡಿ ಓಡಿಸುತ್ತಾರೆ. ರಜೆಗೆ ಹೋದಾಗ ಮೊಬೈಲ್‌ನಲ್ಲಿ ಯಾವುದೋ ಕೂಪೆಯ ವಿಡಿಯೊ ತೋರಿಸಿದೆ. ಪೂರ್ತಿ ನೋಡಿದರು. ‘ಚಂದ ಐತಿ ತಮ್ಮಾ. ಎಷ್ಟ್ ಜೋರ್ ಹೋಗತೈತಿ ಅನ್ನೂದು ಇರ್ಲಿ, ಮುಂಜಾನೆ ನಾಕಕ್ಕ ಸ್ಟಾರ್ಟ್ ಆಗತೈತೋ ಇಲ್ಲೋ ಹೇಳು’ ಎಂದರು. ಹೋಂಡಾದ ಎಂಜಿನಿಯರ್‌ಗಳು ಕೇಳಿಕೊಂಡ ಪ್ರಶ್ನೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಒಂದು ದಿನ ಗಾಡಿ ನಿಂತರೆ ಆ ದಿನದ ಬಾಡಿಗೆ ಹೋಯಿತು, ತರಕಾರಿ ಬಾಡಿತು. ವಾಹನದ ಪರ್ಫಾರ್ಮೆನ್ಸ್ ಎಂದರೇನು ಎಂದು ಅಪ್ಪನಿಗೆ ಯಾವ ಡೈನೊ ಗ್ರಾಫ್ ಕೂಡ ಹೇಳಿಕೊಡಬೇಕಿಲ್ಲ.

ಇಲ್ಲಿಗೆ ಈ ಮಾತು ಕಾರು ಬಿಟ್ಟು ನಮ್ಮ ಕಡೆಗೂ ತಿರುಗುತ್ತದೆ. ನಾವು ಪೀಕ್ ಅಂಕಿಗಳ ತಲೆಮಾರು. ಎಷ್ಟು ಸಿಜಿಪಿಎ, ಎಷ್ಟು ಲಕ್ಷದ ಪ್ಯಾಕೇಜ್, ಎಷ್ಟು ರ್‍ಯಾಂಕ್. ನಮ್ಮ ಪ್ರಾಜೆಕ್ಟ್‌ಗಳೂ ಹಾಗೆಯೇ. ವೈವಾ ದಿನ ಹತ್ತು ನಿಮಿಷ ಓಡಿದರೆ ಸಾಕು, ಮರುದಿನ ಅದು ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತದೆ. ಗೋ-ಕಾರ್ಟ್ ಮಾಡಿದ ತಂಡವನ್ನು ನೋಡಲು ಬಂದವರೆಲ್ಲ ‘ಟಾಪ್ ಸ್ಪೀಡ್ ಎಷ್ಟು?’ ಎಂದೇ ಕೇಳುತ್ತಾರೆ. ಎಷ್ಟು ದಿನ ಓಡಿತು, ಬೇರಿಂಗ್ ಬದಲಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಆದರೆ ನಿಜವಾದ ಸ್ಪರ್ಧೆಗಳನ್ನು ರೂಪಿಸಿದವರಿಗೆ ಇದು ಗೊತ್ತಿತ್ತು. ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಫಾರ್ಮುಲಾ ಎಸ್‌ಎಇ ಸ್ಪರ್ಧೆಯ ಅಂಕಪಟ್ಟಿ ನೋಡಿ. ಒಟ್ಟು 1,000 ಅಂಕ. ನೇರ ಓಟದ ಆ್ಯಕ್ಸಿಲರೇಷನ್‌ಗೆ 100. ಸುಮಾರು 22 ಕಿ.ಮೀ. ಉದ್ದದ, ನಡುವೆ ಚಾಲಕ ಬದಲಾಗುವ ಎಂಡ್ಯೂರೆನ್ಸ್ ಓಟಕ್ಕೆ 275, ಇಂಧನ ಮಿತವ್ಯಯಕ್ಕೆ ಇನ್ನೂ 100. ಚಿಮ್ಮಿ ಓಡುವುದಕ್ಕಿಂತ ಕೊನೆಯವರೆಗೆ ಓಡುವುದಕ್ಕೆ ಸುಮಾರು ನಾಲ್ಕು ಪಟ್ಟು ಬೆಲೆ! ಕೆಲಸಕ್ಕೆ ಸೇರಿದ ಸೀನಿಯರ್‌ಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸಂದರ್ಶನದಲ್ಲಿ ಮಿಂಚುವುದು ಒಂದು ದಿನದ ಕೆಲಸ. ಆಮೇಲೆ ತಂಡಕ್ಕೆ ಬೇಕಾಗುವುದು ಹೇಳಿದ ಸಮಯಕ್ಕೆ, ಹೇಳಿದ ಕೆಲಸವನ್ನು, ದಿನವೂ ಮಾಡಿಕೊಡುವವರು.

ಇದರ ಅರ್ಥ ದೊಡ್ಡ ಅಂಕಿಗಳ ಆಸೆ ಬಿಡಬೇಕೆಂದಲ್ಲ. ಎನ್‌ಎಸ್‌ಎಕ್ಸ್ ಕೂಡ 8,000 ಆರ್‌ಪಿಎಂ ಬಿಟ್ಟುಕೊಡಲಿಲ್ಲ. ಅದು ಎರಡನ್ನೂ ಕೇಳಿತು, ಎರಡಕ್ಕೂ ಬೆವರು ಸುರಿಸಿತು. ನಾಳೆ ನಾವು ವಿನ್ಯಾಸ ಮಾಡುವುದು ಸೂಪರ್ ಕಾರೇ ಆಗಬೇಕಿಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಇರಬಹುದು, ಹೊಲದ ಪಂಪ್‌ಸೆಟ್ ಇರಬಹುದು, ರೇಷನ್ ಅಂಗಡಿಯ ಆ್ಯಪ್ ಇರಬಹುದು. ಅದನ್ನು ಬಳಸುವವರು ಡೆಮೊ ದಿನ ಬಂದು ಚಪ್ಪಾಳೆ ತಟ್ಟಿ ಹೋಗುವವರಲ್ಲ, ಮರುದಿನ ಬೆಳಗ್ಗೆ ನಾಲ್ಕಕ್ಕೆ ಸ್ವಿಚ್ ಒತ್ತುವವರು.

ಅದಕ್ಕೇ ಒಂದು ಸಣ್ಣ ಅಭ್ಯಾಸ ಶುರು ಮಾಡೋಣ ಎನ್ನುತ್ತೇನೆ. ಇನ್ನು ಮುಂದೆ ಯಾವುದಾದರೂ ಕೂಪೆಯ ರೀಲ್ ಕಂಡರೆ ಲೈಕ್ ಧಾರಾಳವಾಗಿ ಒತ್ತಿ, ಜೊತೆಗೆ ಕಮೆಂಟ್‌ನಲ್ಲಿ ಒಂದು ಪ್ರಶ್ನೆಯನ್ನೂ ಹಾಕಿ: ‘ಗುರೂ, ಇದನ್ನ ರಿವರ್ಸ್ ಹಾಕೋದು ಹೇಗೆ?’